ದಿನಾ ಸಂಗೀತದಾಗ ಇರ್ತೀರಿ, ನಿಮಗೆಲ್ಲಿ ಟೆನ್ಷನ್?

ನಾನು ಬೆಳಗಾವಿಯಲ್ಲಿ ಹಾರ್ಮೋನಿಯಂ ಸಾಥಿದಾರ. ನಮ್ಮ ಕಡೆ ಪೇಟಿ ಅಂತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಉದ್ಯೋಗ. ಹಾಡುವವರ ಪಕ್ಕ ಕೂತು ನುಡಿಸುತ್ತೇನೆ. ಉಳಿದ ಹೊತ್ತು ಟಿಳಕವಾಡಿಯ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಕಿರಾಣಿ ಅಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ.

"ನಿಮ್ದು ಚಲೋ ನೋಡ್ರಿ ಮಾಸ್ತರ. ದಿನಾ ಸಂಗೀತದಾಗ ಇರ್ತೀರಿ. ನಮ್ಮಂಗ ಟೆನ್ಷನ್ ಎಲ್ಲೈತ್ರಿ ನಿಮಗ?"

ಕೇಳುವವರ ಮನಸ್ಸು ಒಳ್ಳೆಯದು. ಕೆಲಸ ಮುಗಿಸಿ ಮನೆಗೆ ಬಂದು ಒಂದು ಅಭಂಗವನ್ನೋ ವಚನವನ್ನೋ ಹಚ್ಚಿದರೆ ಅವರಿಗೆ ನಿಜವಾಗಿಯೂ ಹಗುರ ಆಗುತ್ತದೆ. ಹಾಗಾದರೆ ಇಡೀ ದಿನ ಅದರಲ್ಲೇ ಇರುವವನು ಎಷ್ಟು ಆರಾಮ ಇರಬೇಕು ಅಂದುಕೊಳ್ಳುತ್ತಾರೆ. ಎಷ್ಟೋ ಸಲ ನಾನು ನಕ್ಕು "ಹೌದ್ರಿ" ಅಂದು ಬಂದಿದ್ದೇನೆ. ಈಗ ಹಾಗೆ ಅನ್ನುವುದಿಲ್ಲ. ನನ್ನ ಹತ್ತಿರ ಕಲಿಯುವ ಮೂವರು ಹುಡುಗರು ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕು ಅಂತಿದ್ದಾರೆ. ಅವರಿಗಾದರೂ ಉತ್ತರ ಪೂರ್ತಿ ಗೊತ್ತಾಗಲಿ.

ನಾಲ್ಕು ವರ್ಷದ ಹಿಂದಿನ ಮಾತು. ಮಧ್ಯಾಹ್ನ ನಾಲ್ಕಕ್ಕೆ ಬೈಠಕ್, ಅಂದರೆ ಕಛೇರಿ. ಹಾಡುವವಳು ನನಗಿಂತ ತುಂಬಾ ಚಿಕ್ಕವಳು, ಚೆನ್ನಾಗಿ ತಯಾರಾದ ಹುಡುಗಿ. ಭೀಮ್‌ಪಲಾಸ್ ರಾಗ ಹಾಡುವವಳಿದ್ದಳು. ಅವಳ ಶ್ರುತಿ ಕಪ್ಪು ನಾಲ್ಕು, ಅಂದರೆ ಪೇಟಿಯ ನಾಲ್ಕನೇ ಕಪ್ಪು ಮನೆ (ಕೀ) ಅವಳ 'ಸ'. ಎರಡು ದಿನ ಅದೇ ಶ್ರುತಿಯಲ್ಲಿ ನುಡಿಸಿ ಕೈ ಕೂಡಿಸಿಕೊಂಡಿದ್ದೆ. ತಂಬೂರಿ ಕೂಡಿಸುವ ಹೊತ್ತಿಗೆ ಬಂದು, "ಅಣ್ಣಾ, ಗಂಟಲಾ ಕಟ್ಟೇತ್ರಿ, ಬಿಳಿ ಐದರಿಂದ ತಗೋಳೂಣ್ರಿ" ಅಂದಳು. ಅರ್ಧ ಸ್ವರ ಕೆಳಗೆ. ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಪೇಟಿಯ ಮೇಲೆ ಮಾತ್ರ ಪ್ರತಿ ಸ್ವರದ ಮನೆ ಬದಲಾಗುತ್ತದೆ. ಕಪ್ಪು ನಾಲ್ಕರಿಂದ ಹಿಡಿದರೆ ಕೋಮಲ ನಿಷಾದ, ಅಂದರೆ ಇಳಿಸಿದ 'ನಿ', ಕಪ್ಪು ಮೂರು. ಬಿಳಿ ಐದರಿಂದ ಹಿಡಿದರೆ ಅದೇ ಕಪ್ಪು ಮೂರು ಶುದ್ಧ ನಿಷಾದ. ಭೀಮ್‌ಪಲಾಸ್‌ಗೆ ಆ ಸ್ವರ ಇಲ್ಲ.

ಆಲಾಪ ಚಲೋ ಹೋಯಿತು. ದ್ರುತ್‌ನಲ್ಲಿ (ವೇಗದ ಭಾಗ) ಅವಳು ಒಂದು ತಾನ್ (ಸ್ವರಗಳ ವೇಗದ ಸರಣಿ) ಹಾಡಿ ನನ್ನ ಕಡೆ ನೋಡಿದಳು. ನನ್ನ ಬೆರಳು ಹಳೆ ರೂಢಿಗೆ ಹೋಗಿ ಕಪ್ಪು ಮೂರರ ಮೇಲೆ ಬಿತ್ತು. ಒಂದೇ ಕ್ಷಣ. ತಬಲಾದವರಿಗೆ ಕೇಳಿಸಿತು, ಅವಳಿಗೆ ಕೇಳಿಸಿತು, ನನಗೆ ಕೇಳಿಸಿತು. ಅವಳು ನಗುತ್ತಲೇ ಮುಂದೆ ಹೋದಳು. ಜನ ಚಪ್ಪಾಳೆ ಹೊಡೆದರು, ನನಗೂ ಶಾಲು ಹೊದಿಸಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅದಾದ ಮೇಲೆ ಪ್ರತಿ ಕಛೇರಿಗೆ ಮುಂಚೆ ಬೆರಳು ತಣ್ಣಗಾಗತೊಡಗಿದವು. ಇದಕ್ಕೆ ಕಾರಣ ಇದೆ. ಭಯ ಬಿದ್ದಾಗ ದೇಹ ಅಡ್ರಿನಲಿನ್ ಬಿಡುತ್ತದೆ. ಎದುರಿಗೆ ಹುಲಿ ಬಂದರೂ ಅಷ್ಟೇ, ಎದುರಿಗೆ ಇನ್ನೂರು ಜನ ಕೂತರೂ ಅಷ್ಟೇ. ರಕ್ತ ಬೆರಳಿನ ತುದಿಯಿಂದ ಸರಿದು ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ. ಬಾಯಿ ಒಣಗುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ. ಓಡಲಿಕ್ಕೆ ಇದು ಬೇಕಾದದ್ದೇ. ಪೇಟಿ ನುಡಿಸಲಿಕ್ಕೆ, ಹಾಡಲಿಕ್ಕೆ ಇದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ನನ್ನ ತಯಾರಿ ಕಡಿಮೆ ಆಗಿದೆ, ಅದಕ್ಕೇ ಹೀಗೆ ಅಂದುಕೊಂಡು ರಿಯಾಜ್ (ಅಭ್ಯಾಸ) ಐದು ತಾಸಿಗೆ ಏರಿಸಿದೆ. ಮಣಿಕಟ್ಟು ನೋಯಲು ಶುರುವಾಯಿತು. ಭಯ ಅಷ್ಟೇ ಇತ್ತು. ಕೊನೆಗೆ ಕರೆಗಳಿಗೆ "ಆ ದಿನ ಬೇರೆ ಕಾರ್ಯಕ್ರಮ ಐತ್ರಿ" ಅಂತ ಸುಳ್ಳು ಹೇಳತೊಡಗಿದೆ. ಅಂಥ ದಿನ ಮನೆಯಲ್ಲಿ ಸುಮ್ನೆ ಕೂತಿರುತ್ತಿದ್ದೆ.

ಒಂದು ವಿಷಯ ಇಲ್ಲೇ ಹೇಳಬೇಕು. ಕೈನಡುಕಕ್ಕೆ ಪ್ರೊಪ್ರನೊಲಾಲ್ ಅನ್ನುವ ಗುಳಿಗೆ ಇದೆ. ಸ್ಟೇಜ್ ಹತ್ತುವ ಮುಂಚೆ ಅದನ್ನು ನುಂಗುವವರು ಇದ್ದಾರೆ. ನನಗೂ ಒಬ್ಬರು ಜೇಬಿನಿಂದ ತೆಗೆದು ಕೊಡಲು ಬಂದಿದ್ದರು. ಅಸ್ತಮಾ ಇದ್ದವರಿಗೆ ಅದು ಜೀವಕ್ಕೇ ಅಪಾಯ. ಡಾಕ್ಟರ್ ನೋಡಿ ಕೊಟ್ಟರೆ ಬೇರೆ ಮಾತು. ಗೆಳೆಯರು ಕೊಟ್ಟದ್ದನ್ನು ದಯವಿಟ್ಟು ತಗೋಬೇಡಿ.

ನನ್ನ ಹೆಂಡತಿಯೇ ನನ್ನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದಳು. ನಮ್ಮ ಕಡೆ ಯಾರಾದರೂ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಅನ್ನುತ್ತಾರೆ. ಆ ಮಾತಿಗೆ ಹೆದರಿಯೇ ನಾನು ಆರು ತಿಂಗಳು ತಡ ಮಾಡಿದೆ. ಅಲ್ಲಿ ಡಾಕ್ಟರಮ್ಮ ಸಂಗೀತದ ಬಗ್ಗೆ ಏನೂ ಕೇಳಲಿಲ್ಲ. ರಾತ್ರಿ ಎಷ್ಟು ತಾಸು ಮಲಗುತ್ತೀರಿ, ದಿನಕ್ಕೆ ಎಷ್ಟು ಚಹಾ, ಕಛೇರಿ ಇಲ್ಲದ ದಿನ ಏನು ಮಾಡುತ್ತೀರಿ, ಮನೆ ಖರ್ಚು ಹೇಗೆ ನಡೆಯುತ್ತದೆ, ಇಷ್ಟು ಕೇಳಿದರು. ಕೊನೆಯ ಎರಡು ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಅಳು ಬಂತು. ನನ್ನ ಭಯ ಬರೀ ಒಂದು ನಿಷಾದದ್ದಲ್ಲ ಅಂತ ಆವತ್ತೇ ತಿಳಿದದ್ದು.

ಮಳೆಗಾಲ ನೋಡಿ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ. ಜೂನ್ ಹಿಡಿಯಿತು ಅಂದರೆ ಪೇಟಿಯೊಳಗೆ ತೇವ ಕೂತು ಮನೆಗಳು ಅಂಟಿಕೊಳ್ಳುತ್ತವೆ. ಮೂಲೆಯಲ್ಲಿ ಬಲ್ಬು ಹಚ್ಚಿ ಪೆಟ್ಟಿಗೆ ಬೆಚ್ಚಗಿಡುತ್ತೇವೆ. ಫೋನ್ ಬರುವುದಿಲ್ಲ. ಶ್ರಾವಣದಲ್ಲಿ ನಾಲ್ಕು ಭಜನೆ, ಗಣಪತಿ ಹಬ್ಬಕ್ಕೆ ಒಂದಿಷ್ಟು ಓಡಾಟ, ನವರಾತ್ರಿ, ದೀಪಾವಳಿ ಪಹಾಟ್ (ನಸುಕಿನ ಕಛೇರಿ), ಅಲ್ಲಿಂದ ರಾಮನವಮಿವರೆಗೆ ಸುಗ್ಗಿ. ಮತ್ತೆ ಖಾಲಿ. ಸಾಥಿದಾರನಿಗೆ ಇದು ಇನ್ನೂ ಜಾಸ್ತಿ, ಯಾಕೆಂದರೆ ನಮ್ಮ ಕಛೇರಿ ನಮ್ಮದಲ್ಲ, ಹಾಡುವವರು ಕರೆದರೆ ಮಾತ್ರ. ಫೋನ್ ಸುಮ್ಮನಿದ್ದಷ್ಟು ದಿನ "ನನ್ನ ಕೈ ಕೆಟ್ಟಿತಾ, ಯಾರಾದರೂ ನನ್ನ ಬಗ್ಗೆ ಏನಾದರೂ ಹೇಳಿದರಾ" ಅಂತ ಮನಸ್ಸು ಕೊರೆಯುತ್ತದೆ. 2020ರ ಮಾರ್ಚ್‌ನಲ್ಲಿ ಎಲ್ಲ ಬಂದ್ ಆದಾಗ ಉಳಿದವರಿಗೂ ಇದರ ರುಚಿ ಗೊತ್ತಾಯಿತು. ನಮಗೆ ಪ್ರತಿ ವರ್ಷ ಗೊತ್ತಾಗುತ್ತದೆ.

ಇಲ್ಲಿ ನನಗೆ ನಮ್ಮ ಊರಿನವರೇ ಆದ ಪಂಡಿತ ರಾಮಭಾವು ವಿಜಾಪುರೆ ನೆನಪಾಗುತ್ತಾರೆ. ಹುಟ್ಟಿದ್ದು 1917, ತೀರಿಕೊಂಡದ್ದು 2010. ಬೆಳಗಾವಿಯ ಪೇಟಿ ಅಂದರೆ ಅವರೇ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿತು. ಅದರ ಸ್ವರಗಳು ಕಟ್ಟಿಟ್ಟ ಸ್ವರಗಳು, ಅದರಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ, ಸೂಕ್ಷ್ಮ ಶ್ರುತಿ ಬರುವುದಿಲ್ಲ ಅನ್ನುವುದು ಆಕ್ಷೇಪ. ನಿಷೇಧ ಸಡಿಲಾಗಿದ್ದು 1971ರಲ್ಲಿ. ಲೆಕ್ಕ ಹಾಕಿ, ಅವರ 23ನೇ ವಯಸ್ಸಿನಿಂದ 54ರವರೆಗೆ. ಕಲಾವಿದನ ಹರೆಯ ಪೂರ್ತಿ ಹೋಯಿತಲ್ಲ! ಆಗ ಆಕಾಶವಾಣಿ ಅಂದರೆ ಹೆಸರು, ಸಂಬಳ, ಮರ್ಯಾದೆ ಎಲ್ಲ. ಅಂಥ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಬೆಳಗಾವಿಯಲ್ಲೇ ಇದ್ದು ದೊಡ್ಡ ದೊಡ್ಡವರಿಗೆ ಸಾಥ್ ಮಾಡಿದರು, ಸಂಗೀತ ಶಾಲೆ ನಡೆಸಿದರು, ಒಂದು ತಲೆಮಾರನ್ನೇ ತಯಾರು ಮಾಡಿದರು. ಪಾಠ ಹೇಳುವುದು ಅಂದರೆ ಸ್ಟೇಜ್ ಸಿಗದವರ ಕೆಲಸ ಅಂತ ಹುಡುಗರು ಮೂಗು ಮುರಿದಾಗ ನಾನು ಈ ವರ್ಷಗಳನ್ನೇ ಬೆರಳು ಮಡಚಿ ಎಣಿಸಿ ತೋರಿಸುತ್ತೇನೆ. ತಿಂಗಳಿಗೆ ಇಷ್ಟು ಅಂತ ಬರುವ ಪಾಠದ ಫೀ ಕಛೇರಿಯ ಭಯವನ್ನು ಅರ್ಧ ಕಡಿಮೆ ಮಾಡುತ್ತದೆ. ಇಂದಿನ ತಪ್ಪಿಗೆ ನಾಳೆಯ ಅಕ್ಕಿ ಗಂಟು ಬಿದ್ದಿಲ್ಲ ಅಂದಾಗ ಬೆರಳಿಗೆ ತಾನಾಗೇ ರಕ್ತ ಬರುತ್ತದೆ.

ಇನ್ನೊಂದು ಕಥೆ ಎಲ್ಲರೂ ಹೇಳುತ್ತಾರೆ, ಆದರೆ ಅರ್ಧ ಮಾತ್ರ ಹೇಳುತ್ತಾರೆ. ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು ಇಲ್ಲೇ ಸುಳೇಭಾವಿಯಲ್ಲಿ, 1924ರಲ್ಲಿ. ಮಗುವಾಗಿದ್ದಾಗಲೇ ದೇಶಕ್ಕೆಲ್ಲ ಹೆಸರಾದವರು. ಮದುವೆಯಾದ ಹೊಸತರಲ್ಲೇ ಕ್ಷಯ ಬಂತು. ದೇವಾಸ್‌ಗೆ ಹೋಗಿ ವರ್ಷಗಟ್ಟಲೆ ಹಾಸಿಗೆ ಹಿಡಿದರು, ಹಾಡುವಂತಿಲ್ಲ. ಕಿಟಕಿಯಾಚೆಗಿನ ಮಾಳವದ ಜನರ ಹಾಡು ಕೇಳುತ್ತ ಮಲಗಿದರು. 1953ರಲ್ಲಿ ಮತ್ತೆ ಹಾಡಿದಾಗ ಅವರ ಗಾಯನವೇ ಬೇರೆಯಾಗಿತ್ತು. ಕಷ್ಟದಿಂದಲೇ ಕಲೆ ಬೆಳೆಯುತ್ತದೆ ಅನ್ನಲು ಈ ಕಥೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಅವರು ಎದ್ದು ಕೂತದ್ದು ಸ್ಟ್ರೆಪ್ಟೊಮೈಸಿನ್ ಅನ್ನುವ ಹೊಸ ಔಷಧಿಯಿಂದ, ಹೆಂಡತಿ ಭಾನುಮತಿಯವರು ಹಗಲು ರಾತ್ರಿ ಮಾಡಿದ ಆರೈಕೆಯಿಂದ. ಔಷಧಿ, ಆರೈಕೆ, ಪುರುಸೊತ್ತು, ಮೂರೂ ಇದ್ದವು. ಮನಸ್ಸು ಕಾಯಿಲೆ ಬಿದ್ದವನಿಗೂ ಈ ಮೂರೂ ಬೇಕು. ಸಂಗೀತದವನಿಗೆ ಮಾತ್ರ "ಇನ್ನೂ ರಿಯಾಜ್ ಮಾಡು" ಅಂತೀವಿ. ಯಾಕೆ?

ನನಗೆ ವಾಸಿಯಾಗಲು ಒಂದು ವರ್ಷ ಹಿಡಿಯಿತು. ಆರು ತಿಂಗಳು ಔಷಧಿ ತೆಗೆದುಕೊಂಡೆ. ಧಾರವಾಡಕ್ಕೆ ಹೋಗಲು ಆಗದವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಬಹುದು. ಸರಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ದುಡ್ಡಿನ ವಿಷಯದಲ್ಲೂ ನಾನು ಬದಲಾದೆ. ಮೊದಲೆಲ್ಲ ಬಿದಾಗಿ, ಅಂದರೆ ಸಂಭಾವನೆ, ಎಷ್ಟು ಅಂತ ಕೇಳಲು ನಾಚಿಕೆ. "ನೀವು ನಮ್ಮವರೇ ಅಲ್ರಿ" ಅನ್ನುತ್ತಿದ್ದರು, ನಾನು ಕೈ ಮುಗಿಯುತ್ತಿದ್ದೆ. ಒಮ್ಮೆ ಒಂದೂರಲ್ಲಿ ಕಾರ್ಯಕ್ರಮ ಮುಗಿದಾಗ ರಾತ್ರಿ ಒಂದು ಗಂಟೆ. ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಕೊಟ್ಟರು. ಬಸ್‌ಸ್ಟ್ಯಾಂಡಿನ ಬೆಳಕಲ್ಲಿ ಪಾಕೀಟು ಒಡೆದರೆ ಹೋಗಿ ಬರುವ ಖರ್ಚಿಗೂ ಸಾಲದು. ಪೇಟಿಯ ಮೇಲೆ ತಲೆಯಿಟ್ಟು ಬೆಳಗಿನ ಬಸ್ಸಿಗೆ ಕಾದೆ. ಈಗ ಫೋನಿನಲ್ಲಿ ಒಪ್ಪಿದ ಕೂಡಲೇ ವಾಟ್ಸಾಪ್‌ನಲ್ಲಿ ಬರೆದು ಕಳಿಸುತ್ತೇನೆ. ತಾರೀಖು, ಹೊತ್ತು, ಇಷ್ಟು ಬಿದಾಗಿ, ಪ್ರಯಾಣ ಬೇರೆ, ರಾತ್ರಿ ತಡವಾದರೆ ಮಲಗಲು ಜಾಗ. ಒಬ್ಬಿಬ್ಬರು ಬೇಜಾರಾಗಿ ಕರೆಯುವುದು ಬಿಟ್ಟರು. ಉಳಿದವರು "ಆತ್ರಿ" ಅಂದರು, ಅಷ್ಟೇ. ಹುಡುಗರಿಗೆ ಸಂಗೀತದ ವಿಶಾರದ್, ಆಮೇಲೆ ಅಲಂಕಾರ್ ಪರೀಕ್ಷೆ ಮುಗಿಸಿಕೊಳ್ಳಿ, ಆಕಾಶವಾಣಿ ಆಡಿಷನ್‌ಗೆ ಕೂತು ಗ್ರೇಡ್ ಮಾಡಿಸಿಕೊಳ್ಳಿ ಅನ್ನುತ್ತೇನೆ. ಬಿ, ಬಿ ಹೈ, ಎ, ಟಾಪ್ ಅಂತ ಮೆಟ್ಟಿಲುಗಳಿವೆ. ಒಂದು ಗ್ರೇಡ್ ಕೈಯಲ್ಲಿದ್ದರೆ ಬಿದಾಗಿ ಕೇಳುವಾಗ ದನಿ ಇಳಿಯುವುದಿಲ್ಲ.

ಇನ್ನು ರಿಯಾಜ್. ಐದು ತಾಸು ಬಿಟ್ಟೆ. ಈಗ ಎರಡು ತಾಸು ಕಛೇರಿಯ ತಯಾರಿ. ಅದರಲ್ಲಿ ಯಾವ ರಾಗವನ್ನೂ ಒಂದೇ ಶ್ರುತಿಯಲ್ಲಿ ಬಿಡುವುದಿಲ್ಲ. ಕಪ್ಪು ಒಂದರಿಂದ ಶುರು ಮಾಡಿ ನಾಲ್ಕೈದು ಮನೆಯಿಂದ ಹಿಡಿಯುತ್ತೇನೆ. ಅದಕ್ಕೂ ಮುಂಚೆ, ಬೆಳಿಗ್ಗೆ ಆರರಿಂದ ಏಳು, ನನ್ನ ತಾಸು. ಫೋನ್ ಅಡುಗೆಮನೆಯಲ್ಲಿರುತ್ತದೆ. ರೆಕಾರ್ಡ್ ಮಾಡುವುದಿಲ್ಲ. ಯಾರಿಗೂ ತೋರಿಸುವ ಕೆಲಸ ಇಲ್ಲ. ಮೊನ್ನೆ ಇಡೀ ತಾಸು ಮಂದ್ರದ ಒಂದು ಧೈವತದ ಸುತ್ತ ಸುತ್ತಾಡಿದೆ. ಭೈರವ ರಾಗದ್ದು. ಗಾಳಿ ಹಾಕುವ ಎಡಗೈ ಎಷ್ಟು ಮೆಲ್ಲಗೆ ಹೋದರೆ ಆ ಸ್ವರ ಎಷ್ಟು ತೆಳ್ಳಗಾಗುತ್ತದೆ ಅಂತ ನೋಡುತ್ತ ಕೂತಿದ್ದೆ. ಚಹಾ ಆರಿ ಹೋಗಿತ್ತು.

ಹಾಗಾಗಿ ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಈಗ ಹೀಗೆ ಹೇಳುತ್ತೇನೆ. ಟೆನ್ಷನ್ ಐತ್ರಿ, ನಿಮ್ಮಷ್ಟೇ ಐತಿ. ನಿಮಗೆ ಸಂಬಳದ ದಿನ ಒಂದು ಗೊತ್ತಿರುತ್ತದೆ, ನಮಗೆ ಅದೂ ಇಲ್ಲ. ಆರಾಮ ಅನ್ನಿಸುವುದೂ ಐತಿ, ಬೆಳಿಗ್ಗೆ ಆರರಿಂದ ಏಳರವರೆಗೆ.

ಕಳೆದ ವರ್ಷದಿಂದ ತಿಂಗಳಿಗೊಂದು ಭಾನುವಾರ ನಾವು ಐದು ಜನ ಸಾಥಿದಾರರು ನಮ್ಮ ಮನೆಯಲ್ಲಿ ಸೇರುತ್ತೇವೆ. ಮೂವರು ತಬಲಾದವರು, ಇಬ್ಬರು ಪೇಟಿಯವರು. ಯಾರಿಗೆ ಎಷ್ಟು ಬಿದಾಗಿ ಬಂತು, ಯಾರಿಗೆ ಎಲ್ಲಿ ಕೈ ನಡುಗಿತು, ಯಾರಿಗೆ ನಿದ್ದೆ ಬರುತ್ತಿಲ್ಲ, ಎಲ್ಲ ಮಾತಾಡುತ್ತೇವೆ. ನುಡಿಸುವುದು ಕಡ್ಡಾಯ ಅಲ್ಲ. ಹೋದ ಸಲ ಆ ಭೀಮ್‌ಪಲಾಸ್ ಬೈಠಕ್‌ನ ತಬಲಾದವರೂ ಬಂದಿದ್ದರು. ಆವತ್ತಿನ ನಿಷಾದದ ಮಾತು ತೆಗೆದೆ. ಅವರಿಗೆ ನೆನಪೇ ಇರಲಿಲ್ಲ. ಅದೇ ದ್ರುತ್‌ನಲ್ಲಿ ತಮ್ಮದೊಂದು ತಿಹಾಯಿ (ಮೂರು ಸಲ ನುಡಿಸಿ ಮುಗಿಸುವ ತುಣುಕು) ಸಮ್ (ತಾಳದ ಮೊದಲ ಮಾತ್ರೆ) ಬಿಟ್ಟು ಆಚೆ ಬಿದ್ದಿತ್ತಂತೆ. ನಾಲ್ಕು ವರ್ಷದಿಂದ ಅದನ್ನೇ ಹೊತ್ತುಕೊಂಡು ಓಡಾಡುತ್ತಿದ್ದರು. ನನಗೆ ಅದು ಕೇಳಿಸಿಯೇ ಇರಲಿಲ್ಲ.