ಭತ್ತದ ಲಾರಿ ಸೀಸನ್

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನವೆಂಬರ್ ಬಂತಂದ್ರ ರೋಡ್ ತುಂಬ ಭತ್ತದ ಲಾರಿನೇ, ಒಂದರ ಹಿಂದ ಸಿಕ್ಕಾಕೊಂಡ್ರ ಓವರ್‌ಟೇಕ್ ಮರ್ತುಬಿಡ್ರಿ. ಹತ್ತು ಗಾಲಿ ಲಾರಿ ಹಸಿ ಗದ್ದಿಗೆ ಇಳಿಯಂಗಿಲ್ಲ, ಅದಕ್ಕ ಕಟಾವ್ ಮಷಿನ್‌ನಿಂದ ಟ್ರ್ಯಾಕ್ಟರ್‌ಗೆ ಸುರೀತಾರ, ಅದು ಕಾಲುವಿ ದಂಡಿಗೆ ತಂದು ಹಾಕ್ತೈತಿ, ಅಲ್ಲಿ ಒಣಗಿಸಿ ಚೀಲ ತುಂಬಿ ತೂಕ ಮಾಡಿ ಹಮಾಲರು ಬೆನ್ನಮ್ಯಾಲೆ ಹೊತ್ಕೊಂಡು ಹಲಗಿ ಹತ್ತಿ ಲಾರಿಗೆ ಒಟ್ತಾರ. ಒಂದು ಚೀಲ 75 ಕೆಜಿ ಮತ್ತ! ತಲಿಗೆ ಸುತ್ತಿದ ಟವೆಲ್ ಧೂಳು ಬಡದು ಬಣ್ಣನೇ ಗೊತ್ತಾಗಂಗಿಲ್ಲ, ನನಗಂತೂ ಲಾರಿಗಿಂತ ಅವ್ರನ್ನ ನೋಡಿದ್ರನೇ ಆಶ್ಚರ್ಯ.

2018ರಾಗ ರೂಲ್ಸ್ ಬದಲಾದ್ಮ್ಯಾಲೆ ಹತ್ತು ಗಾಲಿಗೆ ಗಾಡಿ ಸಮೇತ 28.5 ಟನ್ ತನಕ ಬಿಡ್ತಾರ, ಮೊದ್ಲು 25 ಇತ್ತು. ಗಾಡಿ ತೂಕ ಹತ್ತು ಟನ್ ಹಿಡಿದ್ರೂ 18.5 ಟನ್ ಮಾಲು, ಅಂದ್ರ ಸುಮಾರು 246 ಚೀಲ. ಅದಕ್ಕಿಂತ ಜಾಸ್ತಿ ಹೇರೋರು ಇದ್ದೇ ಇರ್ತಾರ ಬಿಡ್ರಿ, ಅದು ಬ್ಯಾರೆ ಕಥಿ.

ತಾಡಪತ್ರಿ ಮಾತ್ರ ಹರಕು ಇರಬಾರದು. ಸರ್ಕಾರಿ ಖರೀದಿಗೆ ತೇವಾಂಶ 17 ಪರ್ಸೆಂಟ್ ದಾಟಂಗಿಲ್ಲ, ದಾರ್ಯಾಗ ಒಂದು ಮಳಿ ಬಿದ್ರೂ ಸಾಕು, ಗೇಟ್‌ನ್ಯಾಗ ಮೀಟರ್ ಚುಚ್ಚಿ ನೋಡಿ ಲೋಡ್ ವಾಪಸ್, ಬಾಡಿಗಿ ರೈತನ ತಲಿಮ್ಯಾಲೆ.