ಒಂಬತ್ತನೆಯ ಪ್ರಶ್ನೆ

ಕಳೆದ ಸೋಮವಾರ ಅಮೆರಿಕದ ಫ್ರೀಮಾಂಟ್‌ನ ಒಂದು ಕ್ಲಿನಿಕ್ಕಿನಲ್ಲಿ ಅಮ್ಮ ಆಡಿದ ಮಾತನ್ನು ನಾನು ವೈದ್ಯೆಗೆ ಸುಳ್ಳಾಗಿ ಅನುವಾದಿಸಿದೆ.

ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಎದೆಯ ಮೇಲೆ ಕಲ್ಲಿಟ್ಟಂತಾಗುತ್ತದೆ ಎಂದು ಅಮ್ಮ ಎರಡು ತಿಂಗಳಿಂದ ಹೇಳುತ್ತಿದ್ದರು. ಇಸಿಜಿಯಲ್ಲಿ ಏನೂ ಕಾಣದಿದ್ದಾಗ ವೈದ್ಯೆ ಖಿನ್ನತೆಯನ್ನು ಗುರುತಿಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ತೆಗೆದರು. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ದುಭಾಷಿ ಬೇಕೇ ಎಂದು ಅವರು ಕೇಳಿದರು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ಉಚಿತವಾಗಿ ಭಾಷಾ ನೆರವು ಕೊಡಬೇಕೆಂಬ ನಿಯಮಕ್ಕೆ ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಆಧಾರ. ಆದರೂ ನಾನು ಬೇಡವೆಂದೆ. ನಮ್ಮ ಮನೆಯ ಮಾತನ್ನು ಇನ್ನೊಬ್ಬ ಕನ್ನಡಿಗರು ಕೇಳಿಸಿಕೊಳ್ಳುತ್ತಾರೆಂಬ ಅಂಜಿಕೆಯೇ ಅದಕ್ಕೆ ಕಾರಣ.

ಎರಡನೆಯ ಪ್ರಶ್ನೆಗೇ ತಡವರಿಸಿದೆ. ಖಿನ್ನತೆ ಎಂಬ ಪದವನ್ನು ಅಮ್ಮ ಎಂದೂ ಬಳಸಿದವರಲ್ಲ. "ಬೇಜಾರಾಗುತ್ತಾ ಅಮ್ಮಾ?" ಎಂದೆ. "ನಿನ್ ಮೇಲಾ? ನಿನ್ ಮೇಲೆ ನಂಗ್ಯಾಕೆ ಬೇಜಾರು?" ಎಂದು ಅವರೇ ಗಾಬರಿಗೊಂಡರು. ದುಃಖ, ಮುನಿಸು, ಹೊತ್ತು ಹೋಗದ ಸಂಕಟ, ಎಲ್ಲವನ್ನೂ ಆ ಒಂದೇ ಪದಕ್ಕೆ ಹೊರಿಸಿದ ಭಾಷೆ ನಮ್ಮದು.

ಸತ್ತರೇ ಒಳ್ಳೆಯದು ಎನಿಸುತ್ತದೆಯೇ ಎಂಬುದು ಒಂಬತ್ತನೆಯದರಲ್ಲಿತ್ತು. ಅಮ್ಮ ನೆಲ ನೋಡುತ್ತ, "ಶಿವ ಬೇಗ ಕರೆಸ್ಕೊಂಡ್ರೆ ಸಾಕಮ್ಮ" ಎಂದರು. ನಾನು ವೈದ್ಯೆಯತ್ತ ತಿರುಗಿ "ನೋ" ಎಂದೆ. ಅವರು ಸೊನ್ನೆ ಬರೆದುಕೊಂಡರು.

ವಯಸ್ಸಾದವರೆಲ್ಲ ಹೇಳುವ ಮಾತಲ್ಲವೇ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ಅಜ್ಜಿ ಜಗಲಿಯಲ್ಲಿ ಎಲೆಗೆ ಸುಣ್ಣ ಸವರುತ್ತ ಇದನ್ನೇ ಹೇಳುತ್ತಿದ್ದರು, ಒಡನೆಯೇ ಪಕ್ಕದ ಮನೆಯವರೋ ಹಾಲಿನವನೋ "ಅದ್ಯಾಕಜ್ಜೀ ಹಂಗಂತೀರಾ, ಮೊಮ್ಮಗನ ಮದುವೆ ನೋಡಲ್ವಾ?" ಎನ್ನುತ್ತಿದ್ದರು. ಆ ಉತ್ತರಕ್ಕಾಗಿಯೇ ಅಜ್ಜಿ ಆ ಮಾತನ್ನು ಆಡುತ್ತಿದ್ದರೆಂದು ನನಗೆ ಈಗ ತೋರುತ್ತದೆ. ಅಪ್ಪ ಹೋದ ಮೇಲೆ ನಾನು ಕರೆತಂದಿರುವ ಈ ಮನೆಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಅಮ್ಮನಿಗೆ ಉತ್ತರ ಕೊಡುವವರು ಯಾರೂ ಇಲ್ಲ; ಕೊನೆಗೆ ಅವರು ಅದನ್ನು ನನ್ನೆದುರು ಆಡಿದಾಗ ನಾನೂ ಕೊಡಲಿಲ್ಲ.

ಬೆಂಗಳೂರಿನ ಅಣ್ಣನಿಗೆ ಫೋನ್ ಮಾಡಿದರೆ, ಮಗಳ ಜಾತಕ ಹೊರಗೆ ಕೊಟ್ಟಿದ್ದೇವೆ, ಇದನ್ನೆಲ್ಲ ಯಾರಿಗೂ ಹೇಳಬೇಡ ಎಂದ. ಅವನು ಕೆಟ್ಟವನಲ್ಲ, ಹೇಡಿ. ಸೋಮವಾರ ನಾನೂ ಅದೇ ಆಗಿದ್ದೆ. ನಾವು ಚಿಕ್ಕವರಿದ್ದಾಗ ನಿಮ್ಹಾನ್ಸ್ ಎಂಬ ಹೆಸರು ನಮಗೊಂದು ಬೈಗುಳವಾಗಿತ್ತು. ರೋಗಿಯೊಂದಿಗೆ ಮನೆಯವರೂ ಉಳಿದು ಆರೈಕೆಯಲ್ಲಿ ಪಾಲ್ಗೊಳ್ಳುವ ಪದ್ಧತಿಯನ್ನು ಬೆಳೆಸಿದ ಸಂಸ್ಥೆಯದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಮನೆಮಾತನ್ನೂ ಹಬ್ಬದಡುಗೆಯನ್ನೂ ಜತನದಿಂದ ಕಡಲಾಚೆಗೆ ತಂದ ನಾವು ಆ ನಾಚಿಕೆಯನ್ನೂ ಅಷ್ಟೇ ಜತನದಿಂದ ತಂದಿದ್ದೇವೆ.

ಅಂದು ರಾತ್ರಿಯೇ ಕ್ಲಿನಿಕ್ಕಿನ ತುರ್ತು ಸಂಖ್ಯೆಗೆ ಕರೆ ಮಾಡಿ ನಿಜ ಹೇಳಿದೆ. ವಿಯೆಟ್ನಾಮಿನಿಂದ ಬಂದ ನಿರಾಶ್ರಿತರ ಮಗಳಾದ ಆ ವೈದ್ಯೆ ನನ್ನನ್ನು ಬೈಯಲಿಲ್ಲ. ತಾನೂ ಹತ್ತನೆಯ ವಯಸ್ಸಿನಿಂದ ತಾಯಿಗೆ ದುಭಾಷಿಯಾಗಿದ್ದೆನೆಂದಷ್ಟೇ ಹೇಳಿ, ಅಮ್ಮನನ್ನು ಒಂಟಿಯಾಗಿ ಬಿಡದಿರುವಂತೆಯೂ ಗುರುವಾರ ಮತ್ತೆ ಕರೆತರುವಂತೆಯೂ ಸೂಚಿಸಿದರು. ನಾನು ರಜೆ ಹಾಕಿದೆ.

ಗುರುವಾರ ಮೇಜಿನ ಮೇಲಿನ ಫೋನಿನಿಂದ ಹೆಂಗಸೊಬ್ಬರ ದನಿ "ನಮಸ್ಕಾರ ಅಮ್ಮಾ" ಎಂದಿತು. ಅಮ್ಮ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕುಳಿತು, "ನಿಮ್ದು ಯಾವೂರಮ್ಮಾ?" ಎಂದು ಕೇಳಿದರು. ಕೇಳಿದ್ದೆಲ್ಲವನ್ನೂ ಅನುವಾದಿಸುವುದು ದುಭಾಷಿಯ ಕರ್ತವ್ಯವಾದ್ದರಿಂದ ಆಕೆ ಆ ಪ್ರಶ್ನೆಯನ್ನು ವೈದ್ಯೆಗೆ ಒಪ್ಪಿಸಿದರು. ವೈದ್ಯೆ ನಕ್ಕು, ತನ್ನ ತಾಯಿಯ ಊರು ಹುಯೆ, ಅಲ್ಲೊಂದು ಹೊಳೆಯಿದೆ ಎಂದರು. "ನಮ್ಮೂರಲ್ಲೂ ಹೊಳೆ ಇತ್ತು" ಎಂದು ಅಮ್ಮ ಶುರುಮಾಡಿದಾಗ ವೈದ್ಯೆ ನನಗೆ ಹೊರಗಿರುವಂತೆ ಸನ್ನೆ ಮಾಡಿದರು.

ನಾನು ಬಾಗಿಲೆಳೆದುಕೊಂಡು ಬಂದು ನಲವತ್ತು ನಿಮಿಷ ಹೊರಗೆ ಕುಳಿತಿದ್ದೆ. ಮಾತುಗಳು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ, ಆದರೆ ದನಿ ಅಮ್ಮನದೇ ಆಗಿತ್ತು, ಒಮ್ಮೆಯೂ ನಿಲ್ಲಲಿಲ್ಲ.