ನಾಲ್ಕು ಗಂಟೆಯ ಹಸಿವು

ಊರಿಂದ ಬಂದ ನೆಂಟರನ್ನು ಇಲ್ಲಿ ಇಂಗ್ಲೆಂಡಿನಲ್ಲಿ ಆಫ್ಟರ್‌ನೂನ್ ಟೀಗೆ, ಅಂದರೆ ನಾಲ್ಕು ಗಂಟೆ ಹೊತ್ತಿನ ಚಹಾ ತಿಂಡಿಗೆ, ಕರೆದುಕೊಂಡು ಹೋದರೆ, ತಟ್ಟೆಗಳ ಮೂರಂತಸ್ತಿನ ಸ್ಟ್ಯಾಂಡು ಮೇಜಿಗೆ ಬಂದ ಕೂಡಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: "ಇಷ್ಟೇನಾ?" ಕೇಳುವುದು ಸಹಜವೇ. ಕೆಳಗಿನ ತಟ್ಟೆಯಲ್ಲಿ ಎರಡು ಬೆರಳಗಲದ ನಾಲ್ಕೈದು ಸ್ಯಾಂಡ್‌ವಿಚ್, ಬ್ರೆಡ್ಡಿನ ಕಂದು ಅಂಚನ್ನೆಲ್ಲ ಕತ್ತರಿಸಿ ತೆಗೆದದ್ದು. ಒಳಗೆ ಬೆಳಕು ಹಾಯುವಷ್ಟು ತೆಳ್ಳಗೆ ಹೆಚ್ಚಿದ ಸೌತೆಕಾಯಿ, ಇಲ್ಲವೇ ಚೀಸ್, ಇಲ್ಲವೇ ಮೊಟ್ಟೆ. ನಡುವಿನ ತಟ್ಟೆಯಲ್ಲಿ ತಲೆಗೆ ಎರಡರಂತೆ ಸ್ಕೋನ್ ಎಂಬ ಸಣ್ಣ ಬನ್ನು. ಮೇಲಿನದರಲ್ಲಿ ಎರಡು ಬಾಯಿಗೆ ಮುಗಿಯುವ ಕೇಕುಗಳು. ಲಂಡನ್ನಿನ ದೊಡ್ಡ ಹೋಟೆಲುಗಳಲ್ಲಿ ಇದಕ್ಕೆ ಒಬ್ಬರಿಗೆ 60 ಪೌಂಡಿಗೂ ಹೆಚ್ಚು. ನಾವಿರುವ ಯಾರ್ಕ್‌ಶೈರ್‌ನ ಸಣ್ಣ ಪೇಟೆಗಳಲ್ಲಿ ಅಷ್ಟಿಲ್ಲ, ಆದರೂ ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸುವ ಅತ್ತೆ ಮಾವಂದಿರ ಮುಖ ನೋಡಿದರೆ ಗೊತ್ತಾಗುತ್ತದೆ.

ಗಂಟೆ ಕಳೆಯುವಷ್ಟರಲ್ಲಿ ಅದೇ ನೆಂಟರು ಮೇಲಿನ ತಟ್ಟೆಯ ಕೊನೆಯ ಕೇಕನ್ನು ಮುಟ್ಟಲಾರದೆ ಕೂತಿರುತ್ತಾರೆ. ಕಣ್ಣಿಗೆ ಚಿಕ್ಕದಾಗಿ ಕಂಡದ್ದು ಹೊಟ್ಟೆಗೆ ಚಿಕ್ಕದಲ್ಲ. ಸ್ಕೋನ್ ಎಂದರೆ ಮೈದಾ, ಬೆಣ್ಣೆ, ಹಾಲು. ಅದನ್ನು ಅಡ್ಡಕ್ಕೆ ಸೀಳಿ ಜ್ಯಾಮ್ ಸವರಿ ಕ್ಲಾಟೆಡ್ ಕ್ರೀಮ್ ಮೆತ್ತುತ್ತಾರೆ. ನಮ್ಮ ಮನೆಗಳಲ್ಲಿ ಹಾಲು ಕಾಯಿಸಿ ಆರಿಸಿದಾಗ ಕಟ್ಟುವ ಕೆನೆ ಇದೆಯಲ್ಲ, ಅದೇ ಇನ್ನೂ ದಪ್ಪಗಾಗಿ ಚಮಚೆಯಲ್ಲಿ ಎತ್ತುವ ಹಾಗಾದರೆ ಹೇಗಿರುತ್ತದೋ ಹಾಗೆ ಈ ಕ್ರೀಮು. 1998ರಲ್ಲಿ ಹೆಸರಿಗೆ ಕಾನೂನಿನ ರಕ್ಷಣೆ ಪಡೆದ ಕಾರ್ನಿಷ್, ಅಂದರೆ ಕಾರ್ನ್‌ವಾಲ್ ಸೀಮೆಯ, ಕ್ಲಾಟೆಡ್ ಕ್ರೀಮಿನಲ್ಲಿ ಕೊಬ್ಬಿನ ಅಂಶ ಶೇ. 55ಕ್ಕಿಂತ ಕಡಿಮೆ ಇರುವಂತಿಲ್ಲ. (ಪಕ್ಕದ ಡೆವನ್ ಸೀಮೆಯವರು ಮೊದಲು ಕ್ರೀಮ್ ಸವರಿ ಮೇಲೆ ಜ್ಯಾಮ್ ಹಾಕುತ್ತಾರೆ, ಕಾರ್ನ್‌ವಾಲಿನವರು ಮೊದಲು ಜ್ಯಾಮ್. ಈ ಜಗಳ ಮುಗಿಯುವಂಥದ್ದಲ್ಲ, ಬಿಟ್ಟುಬಿಡೋಣ.) 2022ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ 250 ಅಥವಾ ಹೆಚ್ಚು ನೌಕರರಿರುವ ಹೋಟೆಲು, ಕೆಫೆಗಳು ಮೆನುವಿನಲ್ಲೇ ಕ್ಯಾಲರಿ ಅಚ್ಚು ಹಾಕಬೇಕು. ಅಂಥ ಕಡೆ ಒಬ್ಬರ ಟೀ ಸಾವಿರ ಕ್ಯಾಲರಿ ದಾಟುವುದು ಅಪರೂಪವೇನಲ್ಲ.

ಹಾಗಾಗಿ "ಇಂಗ್ಲಿಷರು ಜಿಪುಣರು, ಎರಡು ಬ್ರೆಡ್ಡಿನ ಚೂರು ಕೊಟ್ಟು ಕಳಿಸ್ತಾರೆ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಬೈಟೂ ಕಾಫಿ ಹಂಚಿಕೊಂಡು ಅರ್ಧ ಗಂಟೆ ಹರಟುವ ನಮಗೆ ಸಣ್ಣ ಪ್ರಮಾಣದ ಸುಖ ಹೊಸದೂ ಅಲ್ಲ. ನನ್ನನ್ನು ಕಾಡುವುದು ಪ್ರಮಾಣವಲ್ಲ. ಆ ಮೇಜಿನ ಸುತ್ತ ಹಸಿವಿನ ಬಗ್ಗೆ ಆಡುವ ಮಾತು.

ಈ ಟೀ ಹುಟ್ಟಿದ ಬಗೆಯನ್ನು ಇಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. 1840ರ ಆಸುಪಾಸು. ಬೆಡ್‌ಫರ್ಡಿನ ಏಳನೆಯ ಡಚೆಸ್ ಆನಾ ಮರಾಯಾ ರಸಲ್, ವಿಕ್ಟೋರಿಯಾ ರಾಣಿಯ ಆಪ್ತ ವಲಯದ ಹೆಂಗಸು. ಆ ಹೊತ್ತಿಗೆ ಸಿರಿವಂತರ ಮನೆಗಳಲ್ಲಿ ರಾತ್ರಿಯ ಊಟ ಎಂಟು ಗಂಟೆಯತ್ತ ಸರಿದಿತ್ತು, ಮಧ್ಯಾಹ್ನದ್ದು ಹೆಸರಿಗೆ ಮಾತ್ರ. ನಾಲ್ಕು ಗಂಟೆಗೆ ಆಕೆಗೆ ಹೊಟ್ಟೆ ಕುಸಿದ ಹಾಗಾಗುತ್ತಿತ್ತಂತೆ. ಕೋಣೆಗೆ ಚಹಾ, ಬ್ರೆಡ್ಡು, ಬೆಣ್ಣೆ ತರಿಸಿಕೊಂಡರು. ಆಮೇಲೆ ಗೆಳತಿಯರನ್ನೂ ಕರೆಯತೊಡಗಿದರು. ಅಂದರೆ ಇಷ್ಟು ದೊಡ್ಡ ಸಂಪ್ರದಾಯದ ಬುಡದಲ್ಲಿರುವುದು ಒಬ್ಬ ಹೆಂಗಸು "ನನಗೆ ಹಸಿವಾಗಿದೆ" ಎಂದು ಬಾಯಿಬಿಟ್ಟು ಹೇಳಿದ್ದು. ನನಗೆ ಈ ಕಥೆ ತುಂಬ ಇಷ್ಟ.

ಆದರೆ ಅದೇ ಟೀ ಕೆಲವೇ ದಶಕಗಳಲ್ಲಿ, ಹಸಿವೇ ಇಲ್ಲದವರಂತೆ ತಿನ್ನಬೇಕಾದ ಜಾಗವಾಯಿತು. ಸೊಂಟವನ್ನು ಬಿಗಿದು ಕಟ್ಟುವ ಕಾರ್ಸೆಟ್ ಎಂಬ ಉಡುಪಿನ ಕಾಲ ಅದು. ಚೆನ್ನಾಗಿ ತಿನ್ನುವುದು ಮರ್ಯಾದಸ್ಥ ಹೆಣ್ಣಿಗೆ ಒಪ್ಪುವುದಲ್ಲ ಎಂಬ ನಂಬಿಕೆ ಗಟ್ಟಿಯಾಗಿತ್ತು. ಬಾಯಿ ಅಗಲಿಸದೆ ಕಚ್ಚಬಹುದಾದ, ಮಾತಿನ ನಡುವೆ ಸದ್ದಿಲ್ಲದೆ ನುಂಗಬಹುದಾದ ತಿನಿಸು ಆ ಮೇಜಿಗೆ ಸರಿಹೊಂದಿತು. 1870ರ ದಶಕದಿಂದ ಮನೆಯೊಳಗಿನ ಟೀಗೆಂದು ಸಡಿಲವಾದ ಟೀ ಗೌನು ಬಳಕೆಗೆ ಬಂತು, ಸ್ವಲ್ಪ ಉಸಿರಾಡಲು ಸಾಧ್ಯವಾಯಿತು. ಮನೆಯ ಹೊರಗೆ ಹೆಂಗಸರ ಹಸಿವಿಗೆ ಜಾಗ ಕೊಟ್ಟದ್ದು ಟೀ ಅಂಗಡಿಗಳು. 1864ರಲ್ಲಿ ಎಬಿಸಿ ಎಂಬ ಬ್ರೆಡ್ ಕಂಪನಿ ಲಂಡನ್ನಿನಲ್ಲಿ ಟೀ ಅಂಗಡಿ ತೆರೆಯಿತು, 1894ರಲ್ಲಿ ಲಯನ್ಸ್ ಎಂಬ ಇನ್ನೊಂದು ಕಂಪನಿ ಅದೇ ನಗರದ ಪಿಕಡಿಲಿ ಬೀದಿಯಲ್ಲಿ. ಗಂಡಸು ಜೊತೆಗಿಲ್ಲದೆ ಹೆಣ್ಣೊಬ್ಬಳು ಒಳಗೆ ಹೋಗಿ, ಕೂತು, ತನ್ನ ದುಡ್ಡಿನಲ್ಲಿ ತಿಂದು ಬರಬಹುದಾಗಿತ್ತು. ಮತದ ಹಕ್ಕಿಗಾಗಿ ಹೋರಾಡಿದ ಹೆಂಗಸರು ಸೇರುತ್ತಿದ್ದದ್ದೂ ಇಂಥ ಟೀ ಕೋಣೆಗಳಲ್ಲೇ.

ಯಾರ್ಕ್‌ಶೈರ್‌ನಲ್ಲಿ ಇನ್ನೊಂದು ಟೀ ಇದೆ. ಗಣಿಯಿಂದ, ಉಣ್ಣೆಯ ಗಿರಣಿಯಿಂದ ದುಡಿದು ಬಂದವರಿಗೆ ನಾಲ್ಕು ಗಂಟೆಗೆ ಸೌತೆಕಾಯಿ ಸ್ಯಾಂಡ್‌ವಿಚ್ ಯಾರು ಕೊಡುತ್ತಿದ್ದರು? ಐದು, ಐದೂವರೆಗೆ ಮನೆ ತಲುಪುತ್ತಿದ್ದರು, ಊಟದ ಮೇಜಿನ ಮೇಲೆ ಮಾಂಸದ ಪೈ, ಹ್ಯಾಮ್, ಬ್ರೆಡ್ಡು, ಚೀಸು, ಕೊನೆಗೊಂದು ಕೇಕು, ಜೊತೆಗೆ ಕಡಕ್ ಚಹಾ. ಅದು ಹೈ ಟೀ. ಹೆಸರು ಕೇಳಿ ಅದೇ ದೊಡ್ಡವರ ಟೀ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ, ಬೆಂಗಳೂರಿನ ಸೆಮಿನಾರುಗಳ ಆಮಂತ್ರಣದಲ್ಲೂ ಹಾಗೇ ಅಚ್ಚಾಗಿರುತ್ತದೆ. ನಿಜಕ್ಕೂ ಅದು ದುಡಿಯುವವರ ಸಂಜೆಯ ಊಟ. ಇಲ್ಲಿ ಇಂದಿಗೂ ಟೀಗೆ ಬಾ ಎಂದು ಯಾರಾದರೂ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡೇ ಹೋಗಬೇಕು. ಆ ಮೇಜಿನಲ್ಲಿ ಎರಡನೇ ಸಲ ಬಡಿಸಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ಮೈ ಬಗ್ಗಿಸಿ ದುಡಿದವರ ಹಸಿವಿಗೆ ಸಮಜಾಯಿಷಿ ಬೇಕಿರಲಿಲ್ಲ.

ಈ ಎರಡೂ ಟೀಗಳು ಕೂಡುವ ಜಾಗ ನಮ್ಮ ಹಳ್ಳಿಯ ಸಭಾಂಗಣ. ತಿಂಗಳಿಗೊಂದು ಶನಿವಾರ ಅಲ್ಲಿ ಟೀ ಮಾಡುತ್ತಾರೆ, ಚರ್ಚಿನ ಮಾಡಿನ ರಿಪೇರಿಗೋ ಶಾಲೆಗೋ ದುಡ್ಡು ಕೂಡಿಸಲು. ಕೇಕುಗಳೆಲ್ಲ ಮನೆಯಲ್ಲೇ ಬೇಯಿಸಿದವು. ಮಹಿಳಾ ಸಂಘದವರ (ವಿಮೆನ್ಸ್ ಇನ್‌ಸ್ಟಿಟ್ಯೂಟ್) ವಿಕ್ಟೋರಿಯಾ ಸ್ಪಂಜ್ ಕೇಕು ಎಂದರೆ ನಡುವೆ ರಾಸ್ಪ್‌ಬೆರಿ ಜ್ಯಾಮ್ ಮಾತ್ರ, ಕ್ರೀಮ್ ಸವರಿದರೆ ಸ್ಪರ್ಧೆಯಲ್ಲಿ ಅಂಕ ಹೋಯಿತು. ಬ್ರಿಟನ್ನಿನಲ್ಲಿ ಈ ಸಂಘ ಶುರುವಾದದ್ದು 1915ರಲ್ಲಿ, ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ. ಬಡಿಸುವ ಕೈ ದೊಡ್ಡದು, ಹೋಟೆಲಿನ ಮೂರು ಕೇಕಿನಷ್ಟು ಒಂದು ಹೋಳು. ಬೆಳಗಿನ ಜಾವವೇ ಎದ್ದು ಆ ಕೇಕು ಬೇಯಿಸಿದ ಹೆಂಗಸರು, ತಮ್ಮ ಸರದಿ ಬಂದಾಗ ಏನು ಹೇಳುತ್ತಾರೆ ಗೊತ್ತೆ? "ನಾನು ತಿನ್ನಬಾರದು, ಆದರೂ…" "ಚೂರೇ ಚೂರು, ಅದಕ್ಕಿಂತ ತೆಳ್ಳಗೆ ಕತ್ತರಿಸು." "ನಾಳೆ ನಾಯಿಯನ್ನು ಎರಡು ಸುತ್ತು ಹೆಚ್ಚು ನಡೆಸ್ತೀನಿ ಬಿಡು." "ಇವತ್ತು ರಾತ್ರಿ ಊಟ ಬೇಡ ನನಗೆ." ಪಕ್ಕದ ಗಂಡಸರು ಮಾತಿಲ್ಲದೆ ತಟ್ಟೆ ಮುಂದೆ ಹಿಡಿಯುತ್ತಾರೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಕಾಣದಂತೆ ಇರಲು ನನ್ನಿಂದ ಆಗಿಲ್ಲ.

ಹಳಬರ ಮಾತಿಗೆ ಇನ್ನೊಂದು ಹಿನ್ನೆಲೆ ಇದೆ, ಅದನ್ನು ನಾನು ಗೌರವಿಸುತ್ತೇನೆ. ಯುದ್ಧದ ಕಾಲದಲ್ಲಿ, 1940ರ ಜುಲೈನಿಂದ, ಚಹಾಪುಡಿ ಒಬ್ಬರಿಗೆ ವಾರಕ್ಕೆ ಎರಡು ಔನ್ಸ್, ಹತ್ತಿರ ಹತ್ತಿರ 57 ಗ್ರಾಂ. ಚಹಾದ ರೇಷನ್ ಮುಗಿದದ್ದು 1952ರಲ್ಲಿ, ಸಕ್ಕರೆಯದು 1953ರಲ್ಲಿ, ಪೂರ್ತಿ ರೇಷನ್ ಮುಗಿಯುವ ಹೊತ್ತಿಗೆ 1954. ನಮ್ಮ ಪಕ್ಕದ ಮನೆಯ ಅಜ್ಜಿಯ ಬಾಲ್ಯವೆಲ್ಲ ಅದರಲ್ಲೇ ಕಳೆದದ್ದು. ಅತಿಥಿಗಳು ಬಂದಾಗ ತಿನಿಸು ಸಾಲದೆಂದು ಕಂಡರೆ ಅವರ ತಾಯಿ ಮಕ್ಕಳಿಗೆ ಮೆಲ್ಲಗೆ ಸನ್ನೆ ಮಾಡುತ್ತಿದ್ದರಂತೆ, ಮನೆಯವರು ಕೈ ತಡೆಯಿರಿ ಎಂದು. ಅಜ್ಜಿ ಇವತ್ತಿಗೂ ತಟ್ಟೆಯ ಕೊನೆಯ ತುಂಡಿಗೆ ಕೈ ಹಾಕುವುದಿಲ್ಲ. ಅದು ಸೋಗಲ್ಲ, ಇಲ್ಲದ ಕಾಲದಲ್ಲಿ ಕಲಿತ ಮರ್ಯಾದೆ.

ಈಗ ನಮ್ಮ ಕಡೆ ನೋಡಿ. ನಾನು ಸಾಗರದ ಕಡೆಯವಳು. ನಮ್ಮಲ್ಲಿ ಹಸಿವು ಉಣ್ಣುವವನ ಜವಾಬ್ದಾರಿಯಲ್ಲ, ಬಡಿಸುವವರದ್ದು. ಪಂಕ್ತಿಯಲ್ಲಿ ಹೋಳಿಗೆ ಬಂದಾಗ ಬಾಳೆಲೆಯ ಮೇಲೆ ಕೈ ಅಡ್ಡ ಇಟ್ಟರೂ ಬೆರಳ ಸಂದಿಯಲ್ಲಿ ಒಂದು ಜಾರಿ ಬೀಳುತ್ತದೆ. "ಬೇಡ" ಎನ್ನುವುದು ಅರ್ಧ ಸೌಜನ್ಯ, ಅರ್ಧ ನಿಜ. ಮೂರು ಸಲ ಉಪಚಾರ ಮಾಡದೆ ಬಿಟ್ಟರೆ ಮನೆಯವರಿಗೆ ಕೆಟ್ಟ ಹೆಸರು. ಈ ಅಭ್ಯಾಸ ಹೊತ್ತು ಇಲ್ಲಿಗೆ ಬಂದ ವಿದ್ಯಾರ್ಥಿಗಳು ಮೊದಲ ದಿನಗಳಲ್ಲಿ ಎಷ್ಟೋ ಮನೆಗಳಿಂದ ಹಸಿದು ಮರಳುತ್ತಾರೆ. ಇಲ್ಲಿ "ಬೇಡ, ಥ್ಯಾಂಕ್ಸ್" ಎಂದರೆ ಮುಗಿಯಿತು, ತಟ್ಟೆ ಮುಂದೆ ಹೋಗುತ್ತದೆ. ನಿಮ್ಮ ಮಾತನ್ನು ನಂಬುವುದೇ ಅವರು ಕೊಡುವ ಗೌರವ. ಮಕ್ಕಳನ್ನು ಕಳಿಸುವ ತಂದೆ ತಾಯಂದಿರು ಇದನ್ನು ಉಪ್ಪಿನಕಾಯಿಯ ಜೊತೆ ಕಟ್ಟಿ ಕಳಿಸಿ: ಹಸಿವಾಗಿದ್ದರೆ ಮೊದಲ ಸಲ ಕೇಳಿದಾಗಲೇ "ಹೂಂ" ಅನ್ನಬೇಕು.

ಆದರೂ ನಮ್ಮ ಉಪಚಾರವನ್ನು ಹೊಗಳಿ ನಿಲ್ಲಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. "ಇನ್ನೊಂದು ಹಾಕ್ಕೊಳ್ಳಿ" ಎಂದು ಅಷ್ಟು ಜನರನ್ನು ಒತ್ತಾಯಿಸಿದ ನನ್ನ ಅಜ್ಜಿಗೆ ಯಾರು ಒತ್ತಾಯ ಮಾಡಿದರು? ಎಲ್ಲರ ಪಂಕ್ತಿ ಎದ್ದ ಮೇಲೆ, ಎಂಜಲೆಲೆ ತೆಗೆದು ಸಗಣಿ ಸಾರಿಸಿದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ ಉಳಿದದ್ದನ್ನು ಬಡಿಸಿಕೊಂಡು ಅವರು ಉಣ್ಣುತ್ತಿದ್ದರು. ಹೋಳಿಗೆ ಉಳಿದಿತ್ತೋ ಇಲ್ಲವೋ ನಾವು ಕೇಳಿದ್ದಿಲ್ಲ. ನಾಲ್ಕು ಗಂಟೆಯ ಕಾಫಿಯೂ ಹಾಗೆಯೇ. ಎಲ್ಲರ ಲೋಟಕ್ಕೂ ಬಗ್ಗಿಸಿ, ಚಕ್ಕುಲಿಯ ಡಬ್ಬಿ ಹೊರಗೆ ಕಳಿಸಿ, ಕೊನೆಗೆ ತಳದಲ್ಲಿ ಉಳಿದ ಅರ್ಧ ಲೋಟಕ್ಕೆ ಬಿಸಿನೀರು ಬೆರೆಸಿ ನಿಂತೇ ಕುಡಿಯುವುದು. ಇಂಗ್ಲೆಂಡಿನ ಹೆಂಗಸರು ತಿನ್ನುವ ಮೊದಲು ಕ್ಷಮೆ ಕೇಳುತ್ತಾರೆ, ನಮ್ಮವರು ಕಣ್ಣಿಗೆ ಬೀಳದ ಹಾಗೆ ತಿಂದರು. ಎರಡರಲ್ಲೂ ಅಡಗಿ ಕೂತಿರುವುದು ಒಂದೇ ಹಸಿವು, ಮತ್ತು ಎರಡೂ ಕಡೆ ಅಡುಗೆಯ ಕೆಲಸ ಅವರದ್ದೇ.

ನನಗೆ ಇದು ತೀವ್ರವಾಗಿ ತಟ್ಟಿದ್ದು ಮಗಳಿಂದ. ಹೈಸ್ಕೂಲು ಹುಡುಗಿ, ಈಜಿ ಬಂದರೆ ಮನೆಯಲ್ಲಿರುವುದೆಲ್ಲ ಬೇಕು. ಒಂದು ಶನಿವಾರ ಸಭಾಂಗಣದಲ್ಲಿ ಎರಡನೇ ಸ್ಕೋನಿಗೆ ಕೈ ಚಾಚುತ್ತ, ದೊಡ್ಡವರ ದನಿಯಲ್ಲೇ, "ನಾನು ತಿನ್ನಬಾರದು, ಆದರೂ" ಅಂದಳು. ಯಾರೂ ಹೇಳಿಕೊಟ್ಟದ್ದಲ್ಲ, ಮೇಜಿನ ಮೇಲೆ ಕೇಳಿ ಕೇಳಿ ಬಂದದ್ದು. ಮನೆಗೆ ನಡೆದು ಬರುತ್ತ ಅವಳಿಗೆ ಹೇಳಿದೆ, "ಹಸಿವಾದ್ರೆ ತಿನ್ನು, ಇಲ್ಲದಿದ್ರೆ ಬಿಡು ಮಗಾ, ಎರಡಕ್ಕೂ ಯಾರಿಗೂ ಕಾರಣ ಹೇಳ್ಬೇಕಾಗಿಲ್ಲ." ಅವಳು ಕೂಡಲೇ, "ಅಜ್ಜಿ ಫೋನಿನಲ್ಲಿ 'ಇನ್ನೊಂದು ದೋಸೆ ತಿನ್ನು' ಅಂತ ಒತ್ತಾಯ ಮಾಡಿದಾಗ್ಲೂ?" ಅಂತ ಕೇಳಿದಳು. ಆಗಲೂ ಎಂದೆ. ಅಂದಿನಿಂದ ನಮ್ಮ ಮನೆಯ ಟೀ ಮೇಜಿಗೆ ಎರಡು ನಿಯಮ: ತಿನ್ನುವವರಿಗೆ ಯಾರೂ ಲೆಕ್ಕ ಹೇಳಬಾರದು, ಬೇಡ ಎಂದವರ ತಟ್ಟೆಗೆ ಯಾರೂ ಹಾಕಬಾರದು. ಎರಡನೆಯದನ್ನು ಪಾಲಿಸುವುದು ನನಗೂ ನಮ್ಮತ್ತೆಗೂ ಕಷ್ಟ. ಆದರೆ ಟೀಗೆ ಎಲ್ಲರೂ ಒಟ್ಟಿಗೇ ಕೂರಬೇಕು ಎಂದು ಹಟ ಹಿಡಿದದ್ದರಿಂದ, ಅತ್ತೆ ಇಲ್ಲಿದ್ದಷ್ಟು ದಿನ ಬಿಸಿಬಿಸಿ ಕಾಫಿಯನ್ನು ಕೂತು ಕುಡಿದರು.

ಈ ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಬರುವವರಿಗೆ ಒಂದೆರಡು ಮಾತು. ಟೀಗೆ ಹೋಗುವ ದಿನ ಮಧ್ಯಾಹ್ನದ ಊಟ ಬಿಟ್ಟುಬಿಡಿ, ಇಲ್ಲವೇ ಮೊಸರನ್ನಕ್ಕೆ ನಿಲ್ಲಿಸಿ. ಮುಂಚಿತವಾಗಿ ಸಸ್ಯಾಹಾರವೆಂದು ಹೇಳಿ ಕಾದಿರಿಸಿ; ಸ್ಯಾಂಡ್‌ವಿಚ್ ಮಾತ್ರ ಕೇಳಿದರೆ ಸಾಲದು, ಮೇಲಿನ ತಟ್ಟೆಯ ಮೂಸ್, ಜೆಲ್ಲಿಗಳಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಜೆಲಟಿನ್ ಇರುವುದುಂಟು, ಅದನ್ನೂ ಕೇಳಿ. ತಿನ್ನುವುದು ಕೆಳಗಿನ ತಟ್ಟೆಯಿಂದ ಮೇಲಕ್ಕೆ. ಅನೇಕ ಹೋಟೆಲುಗಳಲ್ಲಿ ಸ್ಯಾಂಡ್‌ವಿಚ್ಚನ್ನೂ ಚಹಾವನ್ನೂ ಮತ್ತೆ ತಂದುಕೊಡುತ್ತಾರೆ, ಹೆಚ್ಚಿನ ದುಡ್ಡಿಲ್ಲ, ಆದರೆ ತಾವಾಗಿ ಬಂದು ಒತ್ತಾಯ ಮಾಡುವುದಿಲ್ಲ, ನೀವೇ ಕೇಳಬೇಕು. ಉಳಿದ ಕೇಕಿಗೆ ಡಬ್ಬಿ ಕೇಳಿದರೆ ನಗುನಗುತ್ತ ಕೊಡುತ್ತಾರೆ. ಸ್ಕೋನನ್ನು ಮಾತ್ರ ಅಲ್ಲೇ ಮುಗಿಸಿ, ಮರುದಿನಕ್ಕೆ ಅದು ಚೆನ್ನಾಗಿರುವುದಿಲ್ಲ.